ಶಪಥಕ್ಕೆ ಸಿಗದ ಭಾಷೆ

ಫೆಬ್ರವರಿ 4, ಮಂಗಳವಾರ

ಕ್ವಾರ್ಟರ್ಸ್! ಎರಡು ಕೋಣೆ, ಒಂದು ಅಡುಗೆಮನೆ, ಆ ಅಡುಗೆಮನೆಗೆ ಒಂದು ಬಾಗಿಲು! ಮುಚ್ಚಿಕೊಳ್ಳಬಹುದಾದ ಬಾಗಿಲು!

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ಅರ್ಥವಾಗುವುದಿಲ್ಲ. ಮಧ್ಯಾಹ್ನ ವರ್ಕ್‌ಶಾಪಿನ ಯಜಮಾನರು ಯಂತ್ರಗಳನ್ನೆಲ್ಲ ನಿಲ್ಲಿಸಿ ನಮ್ಮನ್ನು ಕರೆದರು. ಕನ್ನಡಕದ ಲೆನ್ಸ್ ಉಜ್ಜುವ ಜಾಗದಲ್ಲಿ ಯಂತ್ರ ನಿಂತಿತೆಂದರೆ ಒಂದೋ ಕರೆಂಟ್ ಹೋಗಿದೆ, ಇಲ್ಲವೇ ಯಾರದೋ ಬೆರಳು ಹೋಗಿದೆ. ಎರಡೂ ಅಲ್ಲ. ಸಮುದ್ರದ ಪಕ್ಕದ ಊರಿನಲ್ಲಿ ಹೊಸ ವರ್ಕ್‌ಶಾಪ್ ತೆರೆಯುತ್ತಾರಂತೆ. ಯಂತ್ರಗಳೆಲ್ಲ ಜಪಾನಿನವು. ಕಲಿಸಲು ಬರುವ ಇಂಜಿನಿಯರ್ ಕೂಡ ಅಲ್ಲಿಯವರೇ, ಅವರಿಗೆ ತಮ್ಮ ಭಾಷೆ ಬಿಟ್ಟು ಇನ್ನೊಂದು ಬರುವುದಿಲ್ಲ. ಮಾರ್ಚ್ ಕೊನೆಗೆ ಅವರು ಇಲ್ಲಿಗೇ ಬಂದು, ತಮ್ಮೊಂದಿಗೆ ನಾಲ್ಕು ಮಾತು ಆಡಬಲ್ಲವರನ್ನು ಹೊಸ ಜಾಗದ ಸೂಪರ್‌ವೈಸರ್ ಮಾಡುತ್ತಾರೆ. ಸೂಪರ್‌ವೈಸರಿಗೆ ಕ್ವಾರ್ಟರ್ಸ್.

"ಕಲಿಯೋಕೆ ಯಾರು ತಯಾರು?" ಎಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಮೇಲೆದ್ದಿತು.

ಕೈ ಎದ್ದದ್ದು ಭಾಷೆಗಲ್ಲ, ಬಾಗಿಲಿಗೆ. ನಮ್ಮ ಮೂರನೇ ಮಹಡಿಯ ಬಾಡಿಗೆ ಮನೆಯ ಅಡುಗೆಮನೆಗೆ ಬಾಗಿಲಿಲ್ಲ, ಅದರ ಎದುರಿಗೇ ಅತ್ತೆಯ ಕುರ್ಚಿ. ಅತ್ತೆ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಶಾಲೆಯಿಂದ ನಿವೃತ್ತಿ ಅಷ್ಟೇ, ಕೆಂಪು ಶಾಯಿಯಿಂದಲ್ಲ. ಅಕ್ಟೋಬರಿನಲ್ಲಿ ಒಂದು ದಿನ "ಸೂಪ್ ಒಳಗಿದೆ, ಬಿಸಿ ಮಾಡಿಕೊಳ್ಳಿ" ಎಂದು ಫ್ರಿಜ್ಜಿಗೆ ಚೀಟಿ ಅಂಟಿಸಿ ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಚೀಟಿಯ ತುಂಬ ಕೆಂಪು ಗೀರು, ಕೆಳಗೆ ಹತ್ತಕ್ಕೆ ನಾಲ್ಕು ಅಂಕ. ನನಗೆ ನೆತ್ತಿಗೇರಿತು. "ಅತ್ತೆ, ನಿಮಗೆ ಮನುಷ್ಯರ ಮಾತು ಬೇಡ, ಮಾತಿನಲ್ಲಿರೋ ತಪ್ಪು ಮಾತ್ರ ಬೇಕು" ಎಂದೆ. ಅವರು ಎದ್ದು ನಿಂತು, "ಇವತ್ತಿಂದ ನನ್ನ ಬಾಯಿಂದ ನಿನಗೆ ಒಂದೇ ಒಂದು ಕನ್ನಡ ಪದ ಬಂದ್ರೆ, ನನ್ನ ಹೆಸರು ಬದಲಾಯಿಸು!" ಎಂದರು.

ಅಷ್ಟೇ, ಅಂದಿನಿಂದ ಮಾತು ಬಂದ್. ಇವರಿದ್ದಿದ್ದರೆ ನಡುವೆ ನಿಂತು ಇಬ್ಬರ ಕೈಯಲ್ಲೂ ಬೈಸಿಕೊಳ್ಳುತ್ತಿದ್ದರು. ಆದರೆ ಇವರು ಹಡಗಿನ ಇಂಜಿನ್ ನೋಡಿಕೊಳ್ಳುವವರು, ಈಗ ಯಾವ ಸಮುದ್ರದಲ್ಲಿದ್ದಾರೋ. ಹಾಗಾಗಿ ನಮ್ಮಿಬ್ಬರ ನಡುವೆ ಉಳಿದಿರುವುದು ಫ್ರಿಜ್ಜು. "ಫ್ರಿಜ್ಜೇ, ಹಾಲು ಮುಗಿದಿದೆ ಅಂತ ಹೇಳು" ಎನ್ನುತ್ತಾರೆ ಅತ್ತೆ. "ಫ್ರಿಜ್ಜೇ, ಸಂಜೆ ತರ್ತೀನಿ ಅಂತ ಹೇಳು" ಎನ್ನುತ್ತೇನೆ ನಾನು. ಫ್ರಿಜ್ಜು ಗುರ್ ಎನ್ನುತ್ತದೆ, ಈ ಮನೆಯಲ್ಲಿ ಪಕ್ಷಪಾತವಿಲ್ಲದ ಪ್ರಾಣಿ ಅದೊಂದೇ.

ಬರುವಾಗ ಹೊಸ ಮನೆಗೆಂದು ಒಂದು ನೀಲಿ ಬಣ್ಣದ ಚಹಾ ಕಪ್ಪು ಕೊಂಡೆ. ಒಂದೇ ಒಂದು! ಮಂಚದ ಕೆಳಗೆ ಬಚ್ಚಿಟ್ಟಿದ್ದೇನೆ.

ಫೆಬ್ರವರಿ 6, ಗುರುವಾರ

ಅಯ್ಯೋ ದೇವರೇ, ಇದು ನಮ್ಮದೇ ಭಾಷೆ!

ಜಪಾನಿ ಕ್ಲಾಸು ಟೈರ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ತಲೆಗೇರುತ್ತದೆ, ಅದಕ್ಕೇ ನನಗೆ ಇಷ್ಟು ಅಮಲೋ ಏನೋ. ಕಲಿಸುವ ಮೇಡಂ ಜಪಾನಿನಲ್ಲಿ ಬಹಳ ವರ್ಷ ಇದ್ದು ಬಂದವರು. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು, "ಗಾಬರಿ ಆಗಬೇಡಿ, ಕ್ರಿಯಾಪದ ಕೊನೆಗೆ ಬರುತ್ತೆ" ಎಂದರು. ಗಾಬರಿ ಯಾಕೆ? ನಮ್ಮದು ಇನ್ನೆಲ್ಲಿಗೆ ಬರುತ್ತದೆ? "ವಾತಾಶಿ ವಾ ರೆನ್ಜು ಓ ಮಿಗಾಕಿಮಸ್." ನಾನು, ಲೆನ್ಸನ್ನು, ಉಜ್ಜುತ್ತೇನೆ. ಪದಗಳು ನಮ್ಮ ಸಾಲಿನಲ್ಲೇ ಒಂದರ ಹಿಂದೆ ಒಂದು ಬಂದು ಕೂತವು. ನಾವು ಮನೆ ಎಂಬ ಪದಕ್ಕೆ "ಗೆ" ಹಚ್ಚುವ ಹಾಗೆ ಅವರೂ ಪದದ ಬಾಲಕ್ಕೆ ಒಂದು ತುಂಡು ಅಂಟಿಸುತ್ತಾರೆ. ಪ್ರಶ್ನೆ ಬೇಕೇ? ಕೊನೆಗೊಂದು "ಕಾ". "ಅಲ್ವಾ" ಎನ್ನಬೇಕೇ? ಕೊನೆಗೊಂದು "ನೇ".

ನನಗೆ ತಡೆಯಲಾಗಲಿಲ್ಲ. "ಮೇಡಂ, ನಾವು ತಿಂದು ನೋಡು ಅಂತೀವಲ್ಲ, ಮಾಡಿ ನೋಡು ಅಂತೀವಲ್ಲ, ಅವರೂ ಹಾಗೇ ನೋಡೋದನ್ನ ಸೇರಿಸ್ತಾರಾ?" ಎಂದು ಕೇಳಿದೆ. ಮೇಡಂ ಕಣ್ಣರಳಿಸಿ, "ತಾಬೆತೆ ಮಿರು. ತಿಂದು ನೋಡು. ಅದು ಬಹಳ ಮುಂದಿನ ಪಾಠ, ನಿಮಗ್ಯಾರು ಹೇಳಿದ್ರು?" ಎಂದರು. ಯಾರೂ ಹೇಳಲಿಲ್ಲ, ನಮ್ಮಮ್ಮ ಹೇಳಿಕೊಟ್ಟದ್ದು, ಊಟ ಮಾಡಿಸುತ್ತಾ! ಎದ್ದು ನಿಂತು ಚಪ್ಪಾಳೆ ಹೊಡೆದೆ. ಪಕ್ಕದಲ್ಲಿದ್ದ ಹೂವಿನಂಗಡಿಯವರು ಬೆಚ್ಚಿ ಪೆನ್ನು ಬೀಳಿಸಿದರು.

ಕನ್ನಡಕಕ್ಕೆ ಮೆಗಾನೆ ಎನ್ನುತ್ತಾರೆ. ಮೆಗಾನೆ, ಮೆಗಾನೆ, ಮೆಗಾನೆ. ಬಸ್ಸಿನಲ್ಲಿ ಕನ್ನಡಕ ಹಾಕಿದವರನ್ನೆಲ್ಲ ನೋಡಿ ಮನಸ್ಸಿನಲ್ಲೇ ಕೂಗಿದೆ.

ಫೆಬ್ರವರಿ 9, ಭಾನುವಾರ

ಇಡೀ ದಿನ ಪಾತ್ರೆ ತೊಳೆಯುತ್ತಾ ಅಭ್ಯಾಸ. "ಕೋರೆ ವಾ ಕೊಪ್ಪು ದೆಸ್." ಇದು ಕಪ್ಪು. "ಕೋರೆ ವಾ ಸಾರಾ ದೆಸ್." ಇದು ತಟ್ಟೆ. ಕುರ್ಚಿಯಿಂದ ಕೆಮ್ಮು ಕೇಳಿಸಿತು. ಅದು ಗಂಟಲಿನ ಕೆಮ್ಮಲ್ಲ, ಕ್ಲಾಸಿನ ಕೆಮ್ಮು. ನಾನು ಇನ್ನೂ ಜೋರಾಗಿ ಹೇಳಿದೆ.

"ಫ್ರಿಜ್ಜೇ," ಎಂದರು ಅತ್ತೆ, "ಕೆಲವರು ದೂರದಲ್ಲಿರೋದನ್ನೂ ಕೋರೆ ಅಂತಾರೆ, ಕೈಯಲ್ಲಿರೋದನ್ನೂ ಕೋರೆ ಅಂತಾರೆ. ಯಾವ ಭಾಷೆ ಆದ್ರೇನು, ಇದು ಅಂದ್ರೆ ಇದು, ಅದು ಅಂದ್ರೆ ಅದು."

"ಫ್ರಿಜ್ಜೇ, ಪುಸ್ತಕ ಓದದೇ ಇರೋರು ಪಾಠ ಹೇಳ್ಬಾರ್ದಂತೆ."

ರಾತ್ರಿ ನೋಡಿದರೆ ನನ್ನ ಪುಸ್ತಕವೇ ಇಲ್ಲ. ಅತ್ತೆಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಓದಲಿ, ನನಗೇನು.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಅತ್ತೆ ಬಂದು ನಿಂತರು. ಫ್ರಿಜ್ಜಿನ ಕಡೆ ತಿರುಗಲಿಲ್ಲ. ನನ್ನ ಮುಖ ನೋಡಿದರು, ಬೆರಳು ತೋರಿಸಿದರು, ಗಂಟಲು ಸರಿಮಾಡಿಕೊಂಡರು.

"ಸೋರೆ ವಾ ಕೊಪ್ಪು ದೆಸ್ ಕಾ?"

ಅದು ಕಪ್ಪೇ? ನಾಲ್ಕು ತಿಂಗಳಲ್ಲಿ ನನಗೇ ಎಂದು ಹೇಳಿದ ಮೊದಲ ಮಾತು! ಚಹಾ ಅರ್ಧ ಕಪ್ಪಿಗೆ, ಅರ್ಧ ನನ್ನ ಪಾದಕ್ಕೆ. ಶಪಥ ಕನ್ನಡದ್ದು ತಾನೇ, ಜಪಾನಿ ಅದರಲ್ಲಿ ಸೇರಿಲ್ಲ. ಕಿಲಾಡಿ ಮುದುಕಿ, ಸಂದು ಹುಡುಕಿಬಿಟ್ಟಿದ್ದಾರೆ!

"ಹಾಯ್, ಕೊಪ್ಪು ದೆಸ್," ಎಂದೆ. ಹೌದು, ಕಪ್ಪು. ಅಭ್ಯಾಸಕ್ಕಾಗಿ ಮಾತ್ರ.

ಫೆಬ್ರವರಿ 16, ಭಾನುವಾರ

ಮನೆಯಲ್ಲಿ ಈಗ ಹೆಸರಿಡದ ವಸ್ತು ಉಳಿದಿಲ್ಲ. ಇದು ಕಿಟಕಿ. ಅದು ಕಿಟಕಿಯಲ್ಲ. ಇದು ಯಾರ ಚಪ್ಪಲಿ? ಅದು ನನ್ನ ಚಪ್ಪಲಿ. ಹುಚ್ಚಾಸ್ಪತ್ರೆಯವರು ಕೇಳಿಸಿಕೊಂಡರೆ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕರೆದೊಯ್ಯುತ್ತಾರೆ.

ಇವತ್ತು ಸೂಪಿಗೆ ಉಪ್ಪು ಹೆಚ್ಚಾಯಿತು. ಅತ್ತೆ ನಿಘಂಟು ತಿರುವಿ, ಉಪ್ಪುಪ್ಪು ಎಂಬ ಪದ ಹುಡುಕಿ, ಬಹಳ ಗೌರವದಿಂದ, "ಸೂಪು ವಾ ಶಿಯೋಕಾರಾಯ್ ದೆಸ್ ನೇ" ಎಂದರು. ಉಪ್ಪಾಗಿದೆ, ಅಲ್ಲವೇ. ನನಗೆ ತಿರುಗಿ ಒಂದು ಕೊಡಬೇಕೆನಿಸಿತು. ಆದರೆ ಏನು ಕೊಡುವುದು? ನಾವು ಓದಿರುವ ಪಾಠಗಳಲ್ಲಿ ಬೈಗುಳವೇ ಇಲ್ಲ! ಎಲ್ಲವೂ ದೆಸ್, ಮಸ್, ಬಗ್ಗಿ ನಡೆಯುವ ಮಾತು. ಕುದಿಯುತ್ತಾ ಹುಡುಕಿದೆ, ಸಿಕ್ಕಿದ್ದು "ಸುಮಿಮಾಸೆನ್" ಒಂದೇ. ಹೇಳಿಬಿಟ್ಟೆ. ಕ್ಷಮಿಸಿ ಎಂದು ಅದರರ್ಥ. ಹನ್ನೆರಡು ವರ್ಷದ ಸಂಸಾರದಲ್ಲಿ ಅತ್ತೆಗೆ ಆ ಪದವನ್ನು ಕನ್ನಡದಲ್ಲಿ ಹೇಳಿದವಳಲ್ಲ ನಾನು. ಇದು ನಾಲಿಗೆಯಿಂದ ಸಾಬೂನಿನ ಹಾಗೆ ಜಾರಿತು.

ಅತ್ತೆ ಸೂಪಿಗೆ ನೀರು ಬೆರೆಸಿಕೊಂಡು ಪೂರ್ತಿ ಕುಡಿದರು. ಆಮೇಲೆ ಬಟ್ಟಲು ಎತ್ತುವಾಗ ನನ್ನ ಕಾಲು ತುಳಿದು ಅವರೂ "ಸುಮಿಮಾಸೆನ್" ಎಂದರು. ನಾನು ದಾರಿ ಬಿಡುತ್ತಾ "ಸುಮಿಮಾಸೆನ್." ಅವರು "ಸುಮಿಮಾಸೆನ್." ಯಾರೂ ಸೋಲಲು ತಯಾರಿಲ್ಲ.

ಫೆಬ್ರವರಿ 22, ಶನಿವಾರ

"ದಯವಿಟ್ಟು ಮಾಡಿ" ಎನ್ನುವ ಪಾಠ ಬಂತು. ನನ್ನ ಕಥೆ ಮುಗಿಯಿತು.

ಅತ್ತೆಗೆ ರೆಕ್ಕೆ ಬಂದಿದೆ. "ಮಾದೋ ಓ ಶಿಮೆತೆ ಕುದಾಸಾಯ್." ಕಿಟಕಿ ಮುಚ್ಚಿ, ದಯವಿಟ್ಟು. ಮುಚ್ಚಿದರೆ "ಮಾದೋ ಓ ಆಕೆತೆ ಕುದಾಸಾಯ್." ತೆರೆಯಿರಿ, ದಯವಿಟ್ಟು. ಬೆಳಿಗ್ಗೆಯಿಂದ ಸಂಜೆಯ ತನಕ ಆ ಕಿಟಕಿಯ ಪ್ರಾಣ ತಿಂದರು. ಕೊನೆಗೆ ನಾನು ಸೊಂಟಕ್ಕೆ ಕೈಯಿಟ್ಟು, "ಸುವಾತ್ತೆ ಕುದಾಸಾಯ್!" ಎಂದೆ. ಕೂತುಕೊಳ್ಳಿ, ದಯವಿಟ್ಟು! ಅತ್ತೆ ಕೂತರು. ಕೂತವರು ನಗಲು ಶುರುಮಾಡಿದರು. ಅತ್ತೆ ನಕ್ಕರೆ ಶಬ್ದ ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ.

ಪೇಟೆಯಲ್ಲಿ ಹೊಸ ಮನೆಗೊಂದು ಮಡಚುವ ಕುರ್ಚಿ ನೋಡಿದೆ. ಎರಡು ಕೊಂಡರೆ ಅಗ್ಗ ಎಂದ ಅಂಗಡಿಯವ. ಎರಡು ತಂದೆ. ಅಗ್ಗಕ್ಕೆ ಸಿಕ್ಕಿದ್ದನ್ನು ಬಿಡುವುದುಂಟೇ?

ಫೆಬ್ರವರಿ 27, ಗುರುವಾರ

ಇವರ ಫೋನ್ ಬಂದಾಗ ನಾವು ತರಕಾರಿ ಹೆಚ್ಚುತ್ತಾ ಎಣಿಕೆ ಕಲಿಯುತ್ತಿದ್ದೆವು. ಉದ್ದನೆಯವಕ್ಕೆ ಒಂದು ಎಣಿಕೆ, ಚಪ್ಪಟೆಯವಕ್ಕೆ ಇನ್ನೊಂದು. ಮುಳ್ಳುಸೌತೆ ಉದ್ದ, ಸರಿ. ಹೆಚ್ಚಿದ ಮೇಲೆ ಚಪ್ಪಟೆ. ಹಾಗಾದರೆ ಅರ್ಧ ಹೆಚ್ಚಿದ ಮುಳ್ಳುಸೌತೆಗೆ? ಈ ಮಹಾಯುದ್ಧದ ನಡುವೆ ಫೋನು ಎತ್ತಿ ಮೇಜಿನ ಮೇಲಿಟ್ಟದ್ದು ಮರೆತೇಹೋಯಿತು.

"ಏನೇ ಅದು ಗಲಾಟೆ? ಅಮ್ಮ ಯಾರ ಜೊತೆ ಮಾತಾಡ್ತಿದಾರೆ?" ಎಂದು ಇವರು ಸಮುದ್ರದ ನಡುವಿನಿಂದ ಕೂಗುತ್ತಿದ್ದರು.

"ನನ್ನ ಜೊತೆ."

"ನಿನ್ನ ಜೊತೆನಾ? ಅಮ್ಮನಿಗೆ ಜ್ವರಾನಾ? ಅದು ಯಾವ ಭಾಷೆ?"

ಅತ್ತೆ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು "ಯಾವ ಭಾಷೆನೂ ಇಲ್ಲ, ಲೈನು ಸರಿ ಇಲ್ಲ" ಎಂದುಬಿಟ್ಟೆ. ಫೋನಿಟ್ಟ ಮೇಲೆ ಇಬ್ಬರೂ ಮುಳ್ಳುಸೌತೆ ಬಿದ್ದುಹೋಗುವಷ್ಟು ನಕ್ಕೆವು. ಬಡಪಾಯಿ ಗಂಡಸು.

ಮಾರ್ಚ್ 2, ಭಾನುವಾರ

ಅತ್ತೆ ಪುಸ್ತಕವನ್ನು ತೋಳುದ್ದ ದೂರ ಹಿಡಿದು ಓದುವುದನ್ನು ವಾರದಿಂದ ನೋಡುತ್ತಿದ್ದೇನೆ. ಆ ಅಕ್ಷರಗಳೋ, ಇರುವೆ ಕಾಲು ಮುರಿದುಕೊಂಡ ಹಾಗೆ. ಲೆನ್ಸ್ ಉಜ್ಜುವವಳ ಮನೆಯಲ್ಲಿ ಹಳೆಯ ಪವರಿನ ಕನ್ನಡಕ ಎಂದರೆ ಮರ್ಯಾದೆ ಪ್ರಶ್ನೆ. ವರ್ಕ್‌ಶಾಪಿನಿಂದ ಪರೀಕ್ಷೆಯ ಲೆನ್ಸ್ ಪೆಟ್ಟಿಗೆ ಕೇಳಿ ತಂದೆ.

ಕಣ್ಣು ಪರೀಕ್ಷೆ ಮಾಡುವವರ ಕೆಲಸವೇನು? ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ. ಅಂದರೆ ನಮ್ಮ ಮೊದಲನೇ ಪಾಠ! ಅತ್ತೆಯನ್ನು ಕಿಟಕಿಯ ಹತ್ತಿರ ಕೂರಿಸಿ ಲೆನ್ಸ್ ಬದಲಿಸುತ್ತಾ ಹೋದೆ. "ಕೋರೆ?" "ಚೊತ್ತೊ ವಾರುಯ್." ಸ್ವಲ್ಪ ಕೆಟ್ಟದ್ದು. "ಕೋರೆ?" "ವಾರುಯ್!" ಮೂರನೆಯದು ಇಟ್ಟಾಗ ಅತ್ತೆ ತಲೆ ಎತ್ತಿದರು. ಪುಸ್ತಕ ಬಿಟ್ಟು ನನ್ನ ಮುಖ ನೋಡುತ್ತಾ ಕೂತರು. ಎಷ್ಟೋ ಹೊತ್ತು. "ನಾನಲ್ಲ, ಪುಸ್ತಕ!" ಎಂದು ಬೆರಳು ತೋರಿಸಬೇಕಾಯಿತು.

ಲೆನ್ಸ್ ನಾನೇ ಉಜ್ಜಿ, ಅಂಚು ನಾನೇ ತಿಕ್ಕಿ ಕೊಡುತ್ತೇನೆ. ಆದರೆ ಕೊಡುವಾಗ "ಇದು ನಿಮ್ಮ ಕನ್ನಡಕ" ಎನ್ನುವುದು ಹೇಗೆ? ಹಿರಿಯರಿಗೆ ನೇರವಾಗಿ "ನೀವು" ಎನ್ನುವುದು ಅಲ್ಲಿ ಒರಟಂತೆ. ಅತ್ತೆಯನ್ನು ಅಲ್ಲಿಯವರು ಕರೆಯುವುದು ಅಮ್ಮ ಎಂದೇ, "ಒಕಾಸಾನ್" ಎಂದೇ, ಎಂದು ಮೇಡಂ ಹೇಳಿದ್ದರು. ಬೇರೆ ದಾರಿಯಿಲ್ಲ. ಒಕಾಸಾನ್ ನೋ ಮೆಗಾನೆ ದೆಸ್. ಬಾಯಿಪಾಠ ಮಾಡಿದ್ದೇನೆ.

ಮಾರ್ಚ್ 5, ಬುಧವಾರ

ಕನ್ನಡಕ ಕೊಟ್ಟೆ. "ಒಕಾಸಾನ್ ನೋ ಮೆಗಾನೆ ದೆಸ್" ಎಂದೆ. ತೆಗೆದುಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಪವರ್ ಸರಿಯಿಲ್ಲವೋ ಏನೋ.

ನನಗೆ ಜ್ವರ. ನಾಳೆ ಕ್ಲಾಸಿದೆ, ಛೆ.

ಮಾರ್ಚ್ 8, ಶನಿವಾರ

ಇದನ್ನು ಬರೆಯದಿದ್ದರೆ ಜ್ವರ ಇಳಿಯುವುದಿಲ್ಲ.

ಗುರುವಾರ ಸಂಜೆ ಕಣ್ಣು ಬಿಟ್ಟರೆ ಮನೆ ಖಾಲಿ. ಹಾಸಿಗೆಯ ಪಕ್ಕ ಬ್ರೆಡ್ಡು, ಮಾತ್ರೆ, ನೀರು. ಅತ್ತೆಯ ಕೊಡೆಯಿಲ್ಲ, ನನ್ನ ಪುಸ್ತಕವೂ ಇಲ್ಲ. ಎರಡು ಬಸ್ಸು ಬದಲಿಸಿ, ಆ ಮಂಡಿನೋವಿನಲ್ಲಿ ಟೈರ್ ಅಂಗಡಿಯ ಮೆಟ್ಟಿಲು ಹತ್ತಿ, ನನ್ನ ಜಾಗದಲ್ಲಿ ಹೋಗಿ ಕೂತಿದ್ದರಂತೆ! ಇವತ್ತು ಮೇಡಂ ಫೋನಿನಲ್ಲಿ ಹೇಳಿ ಹೇಳಿ ನಕ್ಕರು. "ಹಾಜರಿ ತೊಗೊಳ್ಳೋವಾಗ ನಿಮ್ಮ ಹೆಸರಿಗೆ ಹಾಯ್ ಅಂದ್ರು ಕಣ್ರೀ. ನಾನು ಬೋರ್ಡ್ ಮೇಲಿನ ವಾಕ್ಯದಲ್ಲಿ ಬಾಲದ ಒಂದು ತುಂಡು ಬಿಟ್ಟಿದ್ದೆ, ಎದ್ದು ಬಂದು ಸೇರಿಸಿ ಹೋದ್ರು. ಕೆಂಪು ಚಾಕ್‌ಪೀಸ್ ಇದೆಯಾ ಅಂತ ಬೇರೆ ಕೇಳಿದ್ರು!"

ಅತ್ತೆ ನನ್ನ ಮಂಚದ ಅಂಚಿಗೆ ಕೂತು ಆ ಪಾಠ ನನಗೆ ಕಲಿಸಿದರು. ಒಲ್ಲೆ ಎನ್ನುವುದು ಹೇಗೆ ಎಂಬ ಪಾಠ. ಅಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುವುದಿಲ್ಲವಂತೆ. "ಚೊತ್ತೊ..." ಎಂದು ತಲೆ ಓರೆ ಮಾಡಿ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಸ್ವಲ್ಪ ಕಷ್ಟ... ಅಷ್ಟೇ. ಉಳಿದದ್ದನ್ನು ಎದುರಿನವರು ತಿಳಿದುಕೊಳ್ಳಬೇಕು. ಅತ್ತೆ ಮಾತ್ರೆ ಕೊಡಲು ಬಂದಾಗ ನಾನು ತಲೆ ಓರೆ ಮಾಡಿ "ಚೊತ್ತೊ..." ಎಂದೆ. ತಲೆಗೊಂದು ಮೊಟಕಿ ನುಂಗಿಸಿದರು. ಮೊಟಕುವುದಕ್ಕೆ ಭಾಷೆ ಬೇಕಿಲ್ಲ ನೋಡಿ.

ಮಾರ್ಚ್ 13, ಗುರುವಾರ

ಭೂತಕಾಲ ಬಂತು. "ದೆಸ್" ಹೋಗಿ "ದೆಶಿತಾ."

ಅತ್ತೆ ಉದಾಹರಣೆ ಹೇಳಬೇಕಿತ್ತು. "ವಾತಾಶಿ ವಾ ಸೆನ್ಸೇ ದೆಶಿತಾ" ಎಂದರು. ನಾನು ಶಿಕ್ಷಕಿಯಾಗಿದ್ದೆ. ಸ್ವಲ್ಪ ಬಿಟ್ಟು ಇನ್ನೊಂದು: ಈಗ ಶಿಕ್ಷಕಿಯಲ್ಲ. ವಾಕ್ಯ ಎರಡೂ ಸರಿಯಾಗಿಯೇ ಇದ್ದವು. ಆದರೆ ಹೇಳಿ ಕೈ ಮಡಿಲಿನಲ್ಲಿಟ್ಟುಕೊಂಡು ಕೂತುಬಿಟ್ಟರು. ಆ ಕೆಂಪು ಪೆನ್ನು, ಆ ಕೆಮ್ಮು, ಆ ಫ್ರಿಜ್ಜಿನ ಚೀಟಿ ಎಲ್ಲ ನನ್ನ ಕಣ್ಣ ಮುಂದೆ ಬಂತು. ಅಯ್ಯೋ ಪಾಪ ಎನಿಸಿತು.

"ಈಏ," ಎಂದೆ. ಇಲ್ಲ. "ಸೆನ್ಸೇ ದೆಸ್. ಇಮಾ ಮೋ." ಈಗಲೂ.

ಅತ್ತೆ ನನ್ನ ಉಚ್ಚಾರ ತಿದ್ದಿದರು. ನಾನು ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಹೇಳಿಸಿದರು.

ಮಾರ್ಚ್ 26, ಬುಧವಾರ

ನಾಳೆ ಇಂಜಿನಿಯರ್ ಬರುತ್ತಾರೆ. ಅತ್ತೆ ಇಂಜಿನಿಯರಾಗಿ ಕುರ್ಚಿಯಲ್ಲಿ ಕೂತು ನನ್ನನ್ನು ಸುಲಿದು ಹಾಕಿದರು. ಉತ್ತರಗಳೆಲ್ಲ ತಯಾರು. ಮನೆಯಲ್ಲಿ ಎಷ್ಟು ಜನ? "ಫುತಾರಿ ದೆಸ್." ಇಬ್ಬರು, ಗಂಡ ಮತ್ತು ನಾನು. ಇದನ್ನೂ ಅತ್ತೆಯೇ ಬಾಯಿಪಾಠ ಮಾಡಿಸಿದರು. ಕ್ವಾರ್ಟರ್ಸಿಗೆ ಹೋಗುವವರು ಇಬ್ಬರು ತಾನೇ, ಲೆಕ್ಕ ಸರಿಯಿದೆ.

ಮಾರ್ಚ್ 27, ಗುರುವಾರ

ಸಿಕ್ಕಿತು! ಸಿಕ್ಕಿತು, ಸಿಕ್ಕಿತು!

ಯಜಮಾನರ ಕೋಣೆ. ಇಂಜಿನಿಯರ್ ನರೆತ ಕೂದಲಿನ ಸಣ್ಣ ಮನುಷ್ಯ. ನಾನು ಮೊದಲು ನೋಡಿದ್ದು ಅವರ ಕನ್ನಡಕ, ಎಡಗಡೆಯ ಅಂಚು ಸರಿಯಾಗಿ ಪಾಲಿಶ್ ಆಗಿರಲಿಲ್ಲ. ಅದನ್ನು ನೋಡಿದ ಮೇಲೆ ಹೆದರಿಕೆ ಹೋಯಿತು. ಹೆಸರು, ಕೆಲಸ, ಯಂತ್ರ ಎಲ್ಲ ನೀರು ಕುಡಿದ ಹಾಗೆ ಹೇಳಿದೆ. ಮನೆಯಲ್ಲಿ ಎಷ್ಟು ಜನ ಎಂದರು. "ಸಾನ್ನಿನ್ ದೆಸ್" ಎಂದುಬಿಟ್ಟೆ. ಮೂವರು! ಬಾಯಿಪಾಠ ಮಾಡಿದ್ದು ಇಬ್ಬರು, ಬಾಯಿಗೆ ಬಂದದ್ದು ಮೂವರು. ಗಾಬರಿಯಲ್ಲಿ ಲೆಕ್ಕ ತಪ್ಪಿತು.

ಆಗ ಗಾಳಿ ಬೀಸಿ ಯಜಮಾನರ ಮೇಜಿನ ಕಾಗದಗಳೆಲ್ಲ ಹಾರಿದವು. ನನಗೆ ಎಲ್ಲಿದ್ದೇನೆ ಎನ್ನುವುದೇ ಮರೆಯಿತು. "ಮಾದೋ ಓ ಶಿಮೆತೆ ಕುದಾಸಾಯ್!" ಎಂದು, ಥೇಟ್ ಅತ್ತೆಯ ದನಿಯಲ್ಲಿ, ಆ ದೊಡ್ಡ ಮನುಷ್ಯರಿಗೆ ಅಪ್ಪಣೆ ಮಾಡಿದೆ. ಅವರು "ಹಾಯ್!" ಎಂದು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. ಯಜಮಾನರು ಎರಡೂ ಕೈ ತಲೆಯ ಮೇಲೆ ಹೊತ್ತರು.

ಇಂಜಿನಿಯರ್ ಕೂತು, ಕನ್ನಡಕ ತೆಗೆದು, ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕರು. ನಿಮಗೆ ಯಾರು ಕಲಿಸಿದ್ದು ಎಂದು ಕೇಳಿದರು. "ಒಕಾಸಾನ್ ದೆಸ್" ಎಂದೆ. ನಿಮ್ಮ ತಾಯಿ ಜಪಾನಿನವರೇ ಎಂದರು. ಅಲ್ಲ, ಎಂದೆ. ಸೆನ್ಸೇ ಆಗಿದ್ದರು. ಈಗಲೂ ಸೆನ್ಸೇ. ಅವರು ಯಜಮಾನರ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ನನ್ನ ಬಾಗಿಲು ನನಗೆ ಸಿಕ್ಕಿತು.

ಮನೆಗೆ ಓಡಿ ಬಂದು ಹೇಳಿದೆ. ಅತ್ತೆ ಎದ್ದು ನಿಂತು, ಸೊಂಟ ಬಗ್ಗಿಸಿ, "ಒಮೆದೆತೋ ಗೊಜೈಮಸ್" ಎಂದು ಅಭಿನಂದಿಸಿದರು. ಚೂರೂ ತಪ್ಪಿಲ್ಲ. ಊಟ ಬೇಗ ಮುಗಿಸಿ ಮಲಗಿದರು.

ಕುಣಿಯಬೇಕು ನಾನು. ನಾಳೆ ಕುಣಿಯುತ್ತೇನೆ, ಇವತ್ತು ಸುಸ್ತು.

ಮಾರ್ಚ್ 30, ಭಾನುವಾರ

"ಇಶ್ಶೋ ನಿ ಇಕಿಮಾಸೆನ್ ಕಾ" ಎಂಬ ವಾಕ್ಯವನ್ನು ಕಲಿತು ಎಷ್ಟೋ ದಿನವಾಯಿತು, ಒಮ್ಮೆಯೂ ಬಳಸಿರಲಿಲ್ಲ. ಒಟ್ಟಿಗೆ ಹೋಗೋಣವೇ, ಎಂದು. ಬಳಸದ ವಾಕ್ಯ ತುಕ್ಕು ಹಿಡಿಯುತ್ತದೆ. ಅದಕ್ಕೇ ಇವತ್ತು ಅತ್ತೆಗೆ ಹೇಳಿ ನೋಡಿದೆ. ಸಮುದ್ರದ ಊರು, ಎರಡು ಕೋಣೆ, ಎಂದೂ ಸೇರಿಸಿದೆ.

ಅತ್ತೆ ಕಿಟಕಿಯ ಕಡೆ ನೋಡಿದರು. ತಲೆ ಓರೆ ಮಾಡಿದರು.

"ಚೊತ್ತೊ..."

ಚೊತ್ತೊ ಅಂತೆ ಚೊತ್ತೊ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಈ ನಾಜೂಕಿನ ಭಾಷೆಯಲ್ಲಿ ಜಗಳಕ್ಕೆ ಹಿಡಿಯಲು ಒಂದು ತುದಿಯೂ ಸಿಗುವುದಿಲ್ಲ. ಅವರು ಹೀಗೇ ಬಗ್ಗಿ ಬಗ್ಗಿ ನನ್ನನ್ನು ರೈಲು ಹತ್ತಿಸಿಬಿಡುತ್ತಾರೆ. ಹಾಳಾದ ಜಪಾನಿ!

ಏಪ್ರಿಲ್ 2

ಅಡುಗೆಮನೆ ಬಾಗಿಲಿನ ಕನಸು ಬಿತ್ತು. ಮುಚ್ಚಿತ್ತು. ಆಚೆಯಿಂದ ಯಾರೂ ಕೆಮ್ಮುತ್ತಿರಲಿಲ್ಲ. ಎದ್ದಾಗ ಬೆವರಿದ್ದೆ.

ಏಪ್ರಿಲ್ 5, ಶನಿವಾರ

ನಾಳೆ ಹೊರಡಬೇಕು. ಬೆಳಿಗ್ಗೆ ಪೆಟ್ಟಿಗೆ ತೆರೆದು ಕೂತೆ. ನೀಲಿ ಕಪ್ಪು ಇಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆಯ ಕಪ್ಪು ತಂದು ಅದರ ಪಕ್ಕ ಇಟ್ಟೆ.

"ಸೋರೆ ವಾ ವಾತಾಶಿ ನೋ ಕೊಪ್ಪು ದೆಸ್," ಎಂದರು ಅತ್ತೆ ಬಾಗಿಲಲ್ಲಿ ನಿಂತು. ಅದು ನನ್ನ ಕಪ್ಪು.

"ಹಾಯ್. ಒಕಾಸಾನ್ ನೋ ಕೊಪ್ಪು ದೆಸ್," ಎಂದು ಒಪ್ಪಿಕೊಂಡು ಕಾಗದ ಸುತ್ತಿದೆ. ಅವರ ಓದುವ ದೀಪ ಬಿಚ್ಚಿ ತಂದೆ. ಅವರ ಶಾಲು, ಅವರ ಮಂಡಿನೋವಿನ ಎಣ್ಣೆ, ಅವರ ಕೆಂಪು ಪೆನ್ನುಗಳ ಡಬ್ಬಿ. ಅತ್ತೆ ಕೋಣೆಯಿಂದ ಕೋಣೆಗೆ ನನ್ನ ಹಿಂದೆಯೇ. "ಯಾಮೆತೆ ಕುದಾಸಾಯ್!" ನಿಲ್ಲಿಸಿ, ದಯವಿಟ್ಟು! ನಾನು ತಲೆ ಓರೆ ಮಾಡಿ, "ಚೊತ್ತೊ..." ಎಂದೆ.

ಕೊನೆಗೆ ಗಾಜಿನ ಹೂಜಿಗೆ ಕೈ ಹಾಕಿದೆ. ನಿವೃತ್ತರಾದ ದಿನ ಮಕ್ಕಳೆಲ್ಲ ಸೇರಿ ಕೊಟ್ಟ ಹೂಜಿ ಅದು. ಒಂದು ಟವೆಲ್ ಸುತ್ತಿ ಪೆಟ್ಟಿಗೆಗೆ ತುರುಕಲು ಹೋದೆ. ಅತ್ತೆಯ ಬಾಯಿ ತೆರೆಯಿತು, ಮುಚ್ಚಿತು. ಪದ ಸಿಗಲಿಲ್ಲ. ಪುಸ್ತಕ ಹುಡುಕಿದರು, ಪುಸ್ತಕ ಪೆಟ್ಟಿಗೆಯ ತಳದಲ್ಲಿತ್ತು. ನಿಘಂಟಿನ ಮೇಲೆ ನಾನು ಕೂತಿದ್ದೆ. ಮುಖ ಕೆಂಪಾಯಿತು.

"ಅಯ್ಯೋ ನಿನ್ನ ತಲೆ! ಗಾಜಿನ ಹೂಜೀನ ಯಾರಾದ್ರೂ ಹಾಗೆ ಸುತ್ತುತ್ತಾರೇನೇ? ಊರು ಸೇರೋ ಹೊತ್ತಿಗೆ ಚೂರು ಚೂರು! ದಿನಾ ಗಾಜು ಮುಟ್ಟೋ ಕೈ ಅಂತೆ, ನಾಚಿಕೆ ಆಗಲ್ವಾ? ಮೊದಲು ಒಳಗೆ ಬಟ್ಟೆ ತುಂಬು, ಆಮೇಲೆ ಹೊರಗೆ ಸುತ್ತು. ಸರಿ ಆ ಕಡೆ, ನಾನು ಮಾಡ್ತೀನಿ. ಮತ್ತೆ ನನ್ನ ಕೊಡೆ ಯಾಕೆ ಬಿಟ್ಟೆ? ಸಮುದ್ರದ ಊರಲ್ಲಿ ನಾನೇನು ನೆನೀಬೇಕಾ?"

ನಾನು ಹಾಗೇ ನೆಲಕ್ಕೆ ಕೂತೆ. ಬೈದರು! ನನ್ನನ್ನು, ನೇರವಾಗಿ, ಕನ್ನಡದಲ್ಲಿ! ಒಂದೊಂದು ಪದವೂ ಬಿಸಿ ಬಿಸಿ. ದಯವಿಟ್ಟು ಇಲ್ಲ, ಮಸ್ ಇಲ್ಲ, ಬಗ್ಗುವುದೂ ಇಲ್ಲ. ನಗಲು ಶುರುಮಾಡಿದವಳು ಯಾವಾಗ ಅಳಲು ಶುರುಮಾಡಿದೆನೋ ಗೊತ್ತಿಲ್ಲ. ಅತ್ತೆಗೆ ಆಗ ಹೊಳೆಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಭುಜ ಕುಣಿಯತೊಡಗಿತು.

"ಶಪಥ ಮುರೀತು ಅತ್ತೆ," ಎಂದೆ ಮೂಗು ಒರೆಸಿಕೊಳ್ಳುತ್ತಾ. "ಈಗ ನಿಮ್ಮ ಹೆಸರು ಬದಲಾಯಿಸ್ಬೇಕಲ್ಲ?"

"ಅದನ್ನ ನೀನು ಯಾವತ್ತೋ ಬದಲಾಯಿಸಿ ಆಯ್ತಲ್ಲೇ, ಮಂಕೇ. ದಾರ ತಾ ಇಲ್ಲಿ."

ದಾರ ಕೊಟ್ಟೆ. ಯಾವತ್ತು ಬದಲಾಯಿಸಿದೆ? ಯೋಚಿಸುತ್ತಲೇ ಇದ್ದೇನೆ, ಹೊಳೆಯುತ್ತಿಲ್ಲ. ಒಕಾಸಾನ್ ಮಲಗಿದ್ದಾರೆ, ಬೆಳಿಗ್ಗೆ ಕೇಳುತ್ತೇನೆ.

ಏಪ್ರಿಲ್ 10, ಗುರುವಾರ

ಹೊಸ ಮನೆ. ಎರಡು ಕುರ್ಚಿ, ಎರಡು ಕಪ್ಪು, ಒಡೆಯದೆ ಬಂದ ಹೂಜಿ. ಫ್ರಿಜ್ಜು ಇನ್ನೂ ಬಂದಿಲ್ಲ, ಯಾರಿಗೂ ಅದರ ನೆನಪಿಲ್ಲ. ಇವರು ಫೋನ್ ಮಾಡಿ, "ಇಬ್ಬರೂ ಮಾತಾಡ್ತಿದೀರಾ?" ಎಂದು ಹೆದರಿ ಹೆದರಿ ಕೇಳಿದರು. "ಇಲ್ಲಪ್ಪ, ಜಗಳ ಆಡ್ತಿದೀವಿ" ಎಂದೆ. ಬೆಳಿಗ್ಗೆಯಿಂದ ಉಪ್ಪಿನ ಡಬ್ಬಿ ಎಲ್ಲಿಡಬೇಕು ಎನ್ನುವುದಕ್ಕೆ ಎರಡು ಭಾಷೆಯಲ್ಲಿ ನಡೆಯುತ್ತಿದೆ.

ಅಡುಗೆಮನೆಗೆ ಬಾಗಿಲಿದೆ. ಒಳ್ಳೆಯ ಗಟ್ಟಿ ಬಾಗಿಲು. ಆದರೆ ಸಮುದ್ರದ ಗಾಳಿಗೆ ಅದು ಪದೇ ಪದೇ ಧಡ್ ಎಂದು ಮುಚ್ಚಿಕೊಳ್ಳುತ್ತದೆ, ಆಚೆಯಿಂದ ಏನೂ ಕೇಳಿಸುವುದಿಲ್ಲ. ಅದಕ್ಕೆ ಜಪಾನಿ ನಿಘಂಟನ್ನು ಕೆಳಗೆ ಅಡ್ಡ ಇಟ್ಟಿದ್ದೇನೆ, ಅದೇ ಅಲ್ಲವೇ ಮನೆಯಲ್ಲಿ ದಪ್ಪ ಪುಸ್ತಕ. ಈಗ ಮುಚ್ಚುವುದಿಲ್ಲ. ಒಕಾಸಾನ್ ಆಚೆಯಿಂದ ಏನೋ ಕೂಗುತ್ತಿದ್ದಾರೆ, ಯಾವ ಭಾಷೆಯಲ್ಲೋ ಗೊತ್ತಾಗುತ್ತಿಲ್ಲ. ಹೋಗಿ ನೋಡುತ್ತೇನೆ.